ಕೊಯಮತ್ತೂರಿನಲ್ಲಿ ಆಪರೇಷನ್ ಆಯಿತು, ಊಟದ್ದು ಎಂತ ಮಾಡುವುದು?

ವರ್ಷಕ್ಕೆ ಮೂರ್ನಾಲ್ಕು ಸಲ ನಾನು ತಿರುಪ್ಪೂರಿಗೆ ಹೋಗುತ್ತೇನೆ. ಬಿ.ಸಿ.ರೋಡಿನಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ರಾತ್ರಿ ಮಂಗಳೂರು ಸೆಂಟ್ರಲ್‌ನಲ್ಲಿ ವೆಸ್ಟ್ ಕೋಸ್ಟ್ ಹತ್ತಿದರೆ ಬೆಳಗ್ಗೆ ಕೊಯಮತ್ತೂರು, ಅದು ಕಳೆದು ತಿರುಪ್ಪೂರು. ಸ್ಟೇಷನ್ ಹತ್ತಿರವೇ ಖಾದರ್‌ಪೇಟೆ. ಬನಿಯನ್, ಟೀ ಶರ್ಟ್, ಮಕ್ಕಳ ಬಟ್ಟೆಯ ಲಾಟ್ ನೋಡಿ, ರೇಟು ಮಾತಾಡಿ, ಲಾರಿ ಆಫೀಸಿಗೆ ಹಾಕಿಸಿ ಮರುದಿನ ಊರಿಗೆ. ನನ್ನ ಹಾಗೆ ಈ ದಾರಿ ಸವೆಸಿದ ಬ್ಯಾರಿ ವ್ಯಾಪಾರಿಗಳು ಎಷ್ಟು ಮಂದಿ ಇದ್ದಾರೋ. ಅವರಿಗೆಲ್ಲ ಗೊತ್ತಿರುವ ಇನ್ನೊಂದು ವಿಷಯ ಅಲ್ಲಿನ ಊಟ. ಲಾಟ್ ಕುದುರಿದ ಮೇಲೆ ಏಜೆಂಟ್ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ. ಬಿರಿಯಾನಿ, ಪರೋಟ, ಸಾಲ್ನಾ. ತಿನ್ನದಿದ್ದರೆ ವ್ಯಾಪಾರ ಮನಸ್ಸಿಗೆ ಬಂದಿಲ್ಲ ಅಂತ ಅರ್ಥ.

ಕಳೆದ ಸಲ ನನ್ನ ಜೊತೆ ನಮ್ಮೂರಿನ ಒಬ್ಬರು ಕಾಕ ಇದ್ದರು. ಅವರದ್ದೂ ಬಟ್ಟೆ ವ್ಯಾಪಾರ, ನನಗಿಂತ ಹತ್ತು ವರ್ಷ ದೊಡ್ಡವರು. ಟೇಬಲ್ ತುಂಬ ತಿಂಡಿ ಬಂದರೆ ಅವರು ಎರಡು ತುಂಡು ಕೋಳಿ ತೆಗೆದು, ಒಂದು ಕಲಕ್ಕಿ ತರಿಸಿ, ಅದನ್ನೇ ಇಪ್ಪತ್ತೈದು ನಿಮಿಷ ಚಮಚದಲ್ಲಿ ತಿಂದರು. ಕಲಕ್ಕಿ ಅಂದರೆ ಅರ್ಧ ಬೆಂದ ಮೊಟ್ಟೆಗೆ ಸ್ವಲ್ಪ ಸಾಲ್ನಾ ಹಾಕಿ ಮಡಚಿ ಕೊಡುವುದು, ಕೊಯಮತ್ತೂರು ಕಡೆಯದ್ದೇ ತಿಂಡಿ. ಅನ್ನ ಮುಟ್ಟಲಿಲ್ಲ, ನೀರೂ ಕುಡಿಯಲಿಲ್ಲ. ಏಜೆಂಟನ ಮುಖ ಸಣ್ಣದಾಯಿತು. "ಎನ್ನ ಬಾಯ್, ಸಾಪ್ಪಾಡು ಪುಡಿಕ್ಕಲೆಯಾ?" ಅಂತ ಕೇಳಿದ. ಕಾಕ ಹಲ್ಲುನೋವು ಅಂತ ಸುಳ್ಳು ಹೇಳಿದರು.

ರೂಮಿಗೆ ಬಂದ ಮೇಲೆ ನಿಜ ಹೇಳಿದರು. ಹನ್ನೊಂದು ತಿಂಗಳ ಹಿಂದೆ ಕೊಯಮತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಟ್ಟೆ ಸಣ್ಣ ಮಾಡುವ ಆಪರೇಷನ್ ಆಗಿದೆ. ಆಗ 128 ಕೆಜಿ ಇದ್ದವರು ಈಗ 92. ಸಕ್ಕರೆ ಕಾಯಿಲೆಯ ಎರಡು ಮಾತ್ರೆಯಲ್ಲಿ ಒಂದನ್ನು ಡಾಕ್ಟರ್ ನಿಲ್ಲಿಸಿದ್ದಾರೆ. ರಾತ್ರಿ ಮುಖಕ್ಕೆ ಮಾಸ್ಕ್ ಹಾಕಿ ಮಲಗುತ್ತಿದ್ದದ್ದೂ ಬಿಟ್ಟಿದೆ. ಊರಲ್ಲಿ ಎಲ್ಲರಿಗೂ ಹೇಳಿದ್ದು "ಶುಗರ್ ಜಾಸ್ತಿಯಾಗಿ ಇಳಿದೆ" ಅಂತ. ಹೆಂಡತಿ, ಉಮ್ಮ, ಒಬ್ಬ ತಮ್ಮ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಯಾಕೆ ಮುಚ್ಚಿಡುವುದು ಅಂತ ಕೇಳಿದೆ. "ತಿಂದು ತಿಂದು ದಪ್ಪ ಆದ, ಆಮೇಲೆ ಲಕ್ಷ ಕೊಟ್ಟು ಹೊಟ್ಟೆ ಕೊಯ್ಸಿಕೊಂಡ ಅಂತ ಹೇಳುತ್ತಾರೆ ಮಾರಾಯ" ಅಂದರು. ಹೆಸರು ಹಾಕದೆ ಬರೆಯುವುದಾದರೆ ಬರಿ ಎಂದದ್ದೂ ಅವರೇ.

ನಮ್ಮ ಹುಡುಗರಿಗೆ "ಬ್ಯಾರಿಯಾಟ್ರಿಕ್" ಶಬ್ದ ಕೇಳಿದರೆ ನಗು ಬರುತ್ತದೆ, ಇದು ನಮಗಾಗಿಯೇ ಮಾಡಿದ ಆಪರೇಷನಾ ಅಂತ. ಭಾರ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು ಅದು, ನಮಗೂ ಅದಕ್ಕೂ ಸಂಬಂಧವಿಲ್ಲ. ಆದರೆ ತೂಕದ ವಿಷಯದಲ್ಲಿ ಸಂಬಂಧ ಇಲ್ಲ ಅಂತ ಹೇಳುವ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡಿನ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 40.4 ಮಂದಿಗೆ ತೂಕ ಹೆಚ್ಚು. ಕರ್ನಾಟಕದಲ್ಲಿ ಶೇ. 30.1. ಇಡೀ ದೇಶದ ಲೆಕ್ಕ ಶೇ. 24. ಗಂಡಸರದ್ದೂ ಹೆಚ್ಚು ಕಮ್ಮಿ ಇದೇ ಕಥೆ.

ಕೊಯಮತ್ತೂರಿಗೆ ಯಾಕೆ ಹೋಗುತ್ತಾರೆ ಅಂದರೆ ಅದು ಹತ್ತಿರದ ದೊಡ್ಡ ಆಸ್ಪತ್ರೆ ಪಟ್ಟಣ. ಡಾ. ಸಿ. ಪಳನಿವೇಲು ಅವರ ಜೆಮ್ ಆಸ್ಪತ್ರೆ ಸಣ್ಣ ತೂತಿನ ಆಪರೇಷನ್‌ಗೆ, ಅಂದರೆ ಲ್ಯಾಪರೊಸ್ಕೋಪಿಗೆ, ದೇಶದಲ್ಲೇ ಹೆಸರು ಮಾಡಿದ್ದು. ಪಿಎಸ್‌ಜಿ, ಕೆಎಂಸಿಎಚ್‌ನಂತಹ ದೊಡ್ಡ ಆಸ್ಪತ್ರೆಗಳೂ ಅಲ್ಲೇ ಇವೆ. ಪಾಲಕ್ಕಾಡ್ ಕಡೆಯ ಮಲಯಾಳಿಗಳು ಸಂಜೆಗೆ ವಾಪಸಾಗುವ ದೂರ. ತಿರುಪ್ಪೂರು 2009ರಲ್ಲಿ ಬೇರೆ ಜಿಲ್ಲೆ ಆದರೂ ದೊಡ್ಡ ಕಾಯಿಲೆ ಅಂದರೆ ಅಲ್ಲಿಯವರು ಐವತ್ತು ಕಿಲೋಮೀಟರ್ ದೂರದ ಕೊಯಮತ್ತೂರಿಗೇ ಹೊರಡುತ್ತಾರೆ. ವ್ಯಾಪಾರಕ್ಕೆ ಹೋದ ನಮ್ಮವರೂ ಹಾಗೇ ಅಲ್ಲಿಗೆ ತಲುಪುತ್ತಾರೆ.

ಈಗ ಆಪರೇಷನ್ ಎಂತದ್ದು ಅಂತ ಸ್ವಲ್ಪ ತಿಳಿಯಬೇಕು. ಕಾಕನದ್ದು ಸ್ಲೀವ್. ಜಠರದ ಮುಕ್ಕಾಲು ಪಾಲಿನಷ್ಟು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಮಾಡುತ್ತಾರೆ. ಒಂದು ಸಲಕ್ಕೆ ನೂರು, ನೂರೈವತ್ತು ಮಿಲಿ ಹಿಡಿಯುತ್ತದೆ, ನಮ್ಮ ಸಣ್ಣ ಚಾ ಗ್ಲಾಸಿನಷ್ಟು. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ತೆಗೆದು ಹಾಕಿದ ಆ ಭಾಗದಲ್ಲೇ, ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೇ ಆಗುವುದಿಲ್ಲ. ಇನ್ನೊಂದು ಬೈಪಾಸ್. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಮೊಟ್ಟೆ ಗಾತ್ರದ ಚೀಲ ಮಾಡಿ ಸಣ್ಣ ಕರುಳಿಗೆ ನೇರ ಜೋಡಿಸುತ್ತಾರೆ. ಬೈಪಾಸ್ ಆದವರು ಸಿಹಿ ತಿಂದರೆ ಅದು ಸೀದಾ ಕರುಳಿಗೆ ಇಳಿದು ಎದೆ ಬಡಿತ, ಬೆವರು, ಹೊಟ್ಟೆ ಹಿಡಿತ, ಭೇದಿ ಆಗಬಹುದು. ಡಂಪಿಂಗ್ ಅನ್ನುತ್ತಾರೆ.

2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡದ್ದು ಹಲವರಿಗೆ ನೆನಪಿರಬಹುದು. ಅದು ಚರ್ಮದ ಕೆಳಗಿನ ಕೊಬ್ಬು ತೆಗೆಯುವ ಸೌಂದರ್ಯದ ಸರ್ಜರಿ. ಬ್ಯಾರಿಯಾಟ್ರಿಕ್ ಬೇರೆ, ಕಾಯಿಲೆಗೆ ಮಾಡುವ ಚಿಕಿತ್ಸೆ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನ ಒಂದಿದೆ. ಆಪರೇಷನ್ ಮಾಡಿಸಿಕೊಂಡ ಗುಂಪಿನಲ್ಲಿ ಸಾವು ಕಡಿಮೆ ಅಂತ ಅದರ 2007ರ ವರದಿ ತೋರಿಸಿತು. ಅಪಾಯ ಇಲ್ಲವೇ ಇಲ್ಲ ಅಂತಲ್ಲ, ಯಾವ ಆಪರೇಷನ್‌ಗೂ ಇರುವ ಅಪಾಯ ಇದಕ್ಕೂ ಉಂಟು.

ನನಗೆ ಆಪರೇಷನ್‌ಗಿಂತ ಆಮೇಲಿನದ್ದೇ ದೊಡ್ಡ ವಿಷಯ ಅಂತ ಕಂಡಿತು. ಮೊದಲ ಒಂದೆರಡು ದಿನ ತಿಳಿನೀರು, ಆಮೇಲೆ ಎರಡು ವಾರ ದ್ರವ, ಮತ್ತೆ ಒಂದೆರಡು ವಾರ ಅರೆದ ಊಟ, ಅದಾದ ಮೇಲೆ ಮೆತ್ತಗಿನದ್ದು. ಸಾಮಾನ್ಯ ಊಟ ಸುಮಾರು ಆರರಿಂದ ಎಂಟು ವಾರದ ನಂತರ. ಒಂದೊಂದು ಆಸ್ಪತ್ರೆಯ ಪಟ್ಟಿ ಒಂದೊಂದು ತರ, ಅವರು ಕೊಟ್ಟದ್ದನ್ನೇ ನಡೆಸಬೇಕು. ಕಾಕನಿಗೆ ಕೊಟ್ಟ ಪಟ್ಟಿಯಲ್ಲಿ ಓಟ್ಸ್, ಬ್ರೊಕೋಲಿ ಸೂಪ್, ಗ್ರೀಕ್ ಮೊಸರು ಇತ್ತಂತೆ. ಬಂಟ್ವಾಳ ತಾಲೂಕಿನ ಹಳ್ಳಿಯಲ್ಲಿ ಬ್ರೊಕೋಲಿ ಹುಡುಕಿ ಯಾರು ಹೋಗುವುದು? ಕೊಂಗುನಾಡಿನ ಅಡುಗೆಯಲ್ಲೇ ಇದಕ್ಕೆ ಹೇಳಿ ಮಾಡಿಸಿದ್ದು ಉಂಟು: ಹುರುಳಿ, ಅವರ ಕೊಳ್ಳು, ಬೇಯಿಸಿ ಮಾಡುವ ರಸ, ಅಕ್ಕಿ ಬೇಳೆ ಒಟ್ಟಿಗೆ ಮೆತ್ತಗೆ ಬೇಯಿಸುವ ಅರಿಸಿ ಪರುಪ್ಪು ಸಾದಂ. ನಮ್ಮಲ್ಲೂ ಹುರುಳಿ ಸಾರು ಇಲ್ಲವಾ, ಹೆಸರು ಗಂಜಿ ಇಲ್ಲವಾ, ಮುಳ್ಳು ತೆಗೆದ ಬಂಗುಡೆ ಇಲ್ಲವಾ. ಕಾಕನ ಹೆಂಡತಿ ಪಟ್ಟಿಯನ್ನು ಫೋನಿನಲ್ಲಿ ಆಸ್ಪತ್ರೆಯ ಡಯಟಿಷಿಯನ್‌ಗೆ ಓದಿ ಹೇಳಿ, ಪ್ರತಿಯೊಂದಕ್ಕೂ ನಮ್ಮ ಕಡೆಯ ಬದಲಿ ಕೇಳಿ ಬರೆದುಕೊಂಡರಂತೆ. ಆ ಕಾಗದವನ್ನು ನಾನು ನೋಡಿದ್ದೇನೆ, ಅರಿಶಿಣದ ಕಲೆಯಾಗಿತ್ತು.

ಉಳಿದ ನಿಯಮ ಹೇಳಲಿಕ್ಕೆ ಸುಲಭ. ಊಟದ ನಡುವೆ ನೀರು ಕುಡಿಯಬಾರದು, ಊಟ ಮುಗಿದು ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಒಂದು ತುತ್ತನ್ನು ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಹೊಟ್ಟೆ ತುಂಬಿತು ಅಂತ ಅನಿಸುವ ಮೊದಲೇ ನಿಲ್ಲಿಸಬೇಕು. ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಹೋಗಬೇಕು, ಅದನ್ನೇ ಮೊದಲು ತಿನ್ನಬೇಕು, ಅನ್ನ ರೊಟ್ಟಿ ಆಮೇಲೆ. ಕಾಕ ಹೋಟೆಲಿನಲ್ಲಿ ಮಾಡಿದ್ದು ಇದನ್ನೇ. ಅದನ್ನು ನೋಡಿದ ಏಜೆಂಟ್, ಮತ್ತು ಮೊದಲಿಗೆ ನಾನೂ, ಮಾಂಸ ಮಾತ್ರ ಹೆಕ್ಕಿ ತಿನ್ನುವ ಅತಿಯಾಸೆ ಅಂತ ತಿಳಿದೆವು.

ಒಂದು ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ, ಕಾಕ ಹೇಳಿದ ಮೇಲೆ ನನಗೆ ಗೊತ್ತಾದದ್ದು. ಸಣ್ಣ ಹೊಟ್ಟೆಗೆ ಯಾವುದು ಕಷ್ಟ, ಯಾವುದು ಸುಲಭ? ಕೋಳಿ ತುಂಡು ಸರಿಯಾಗಿ ಅಗಿಯದಿದ್ದರೆ ಸಿಕ್ಕಿಕೊಳ್ಳುತ್ತದೆ. ಪರೋಟ ಉಂಡೆಯಾಗಿ ನಿಲ್ಲುತ್ತದೆ. ಅನ್ನವೂ ಉಬ್ಬುತ್ತದೆ. ಆದರೆ ಶಾರ್ಜಾ ಶೇಕ್, ಫಲೂದ, ಗಡ್‌ಬಡ್, ಚಾದಲ್ಲಿ ಅದ್ದಿದ ಬಿಸ್ಕತ್ತು, ಚಿಪ್ಸ್ ಎಲ್ಲ ಸರ್‍ರನೆ ಇಳಿಯುತ್ತವೆ. ನೋವಿಲ್ಲ, ವಾಂತಿ ಇಲ್ಲ. ಹಾಗಾಗಿ ಮನುಷ್ಯ ತನಗೆ ತಿಳಿಯದ ಹಾಗೇ ಕಷ್ಟ ಕೊಡುವ ಮೀನು ಮಾಂಸ ಬಿಟ್ಟು, ಸುಖವಾಗಿ ಇಳಿಯುವ ಸಿಹಿ ಕಡೆಗೆ ಜಾರುತ್ತಾನೆ. ಪ್ರೊಟೀನ್ ಕಡಿಮೆಯಾಗಿ ಕೂದಲು ಉದುರುತ್ತದೆ, ಮೈಯ ಮಾಂಸಖಂಡ ಕರಗುತ್ತದೆ, ಮತ್ತೆ ಒಂದೆರಡು ವರ್ಷದಲ್ಲಿ ಕೊಬ್ಬು ವಾಪಸ್ ಬರುತ್ತದೆ. ಕಾಕನಿಗೆ ಐದನೇ ತಿಂಗಳಲ್ಲಿ ಇದೇ ಆಯಿತು. ಅಂಗಡಿಯ ಹುಡುಗನ ಹತ್ತಿರ ದಿನಾ ಸಂಜೆ ಜ್ಯೂಸ್ ತರಿಸಿ ಕುಡಿಯುತ್ತಿದ್ದರು. ಅನ್ನ ಬಿಟ್ಟಿದ್ದೇನಲ್ಲ, ಜ್ಯೂಸಿನಲ್ಲಿ ಎಂತ ಉಂಟು ಅನ್ನುವ ಧೈರ್ಯ. ತೂಕ ಇಳಿಯುವುದು ನಿಂತಿತು. ಡಯಟಿಷಿಯನ್ ಒಂದು ವಾರದ ಡೈರಿ ಬರೆಸಿದಾಗ ಜ್ಯೂಸಿನ ಲೆಕ್ಕ ಹೊರಗೆ ಬಂತು.

ಇನ್ನು ದುಡ್ಡಿನ ಲೆಕ್ಕ. ಬಿ.ಕಾಂ. ಓದಿದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯಲ್ಲಿ ಯಾವುದಕ್ಕೆ ದುಡ್ಡು ಕೊಡದೇ ಇರಬಹುದು ಎಂಬ ಪಟ್ಟಿಯನ್ನು ಏಕರೂಪ ಮಾಡಿತು. ಅದರಲ್ಲಿ ತೂಕ ಇಳಿಸುವ ಸರ್ಜರಿಯೂ ಇದೆ, ಆದರೆ ಕೆಲವು ಷರತ್ತು ಪೂರೈಸಿದರೆ ಅದು ಆ ಪಟ್ಟಿಯಿಂದ ಹೊರಗೆ ಬರುತ್ತದೆ: ವೈದ್ಯರ ಸಲಹೆ ಇರಬೇಕು, 18 ತುಂಬಿರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಮೇಲೆ ಇರಬೇಕು, 35ರಿಂದ ಮೇಲಿದ್ದರೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ ಅಥವಾ ಔಷಧಿಗೆ ಬಗ್ಗದ ಸಕ್ಕರೆ ಕಾಯಿಲೆಯಂತಹದ್ದು ಜೊತೆಗಿದ್ದು, ಬೇರೆ ಉಪಾಯಗಳು ಸೋತಿರಬೇಕು. ಆದರೆ ಸರ್ಜನ್‌ಗಳ ಅಂತಾರಾಷ್ಟ್ರೀಯ ಸಂಘಗಳು 2022ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಏಷ್ಯಾದವರಿಗೆ 27.5 ಬಿಎಂಐಯಿಂದಲೇ ಈ ಚಿಕಿತ್ಸೆ ನೀಡಬಹುದು ಅಂತ ಇದೆ. ಐದೂವರೆ ಅಡಿಗೆ ಸ್ವಲ್ಪ ಕಡಿಮೆ, 165 ಸೆಂಟಿಮೀಟರ್ ಎತ್ತರದವನ ಲೆಕ್ಕ ಹಾಕಿ ನೋಡಿ. ಡಾಕ್ಟರ್ 75 ಕೆಜಿಗೆ ಆಪರೇಷನ್ ಮಾತು ತೆಗೆಯಬಹುದು. ವಿಮೆ ಕಂಪೆನಿ ಬಾಗಿಲು ತೆರೆಯುವುದು ಕಾಯಿಲೆ ಇದ್ದರೆ 95ಕ್ಕೆ, ಇಲ್ಲದಿದ್ದರೆ 109ಕ್ಕೆ. ಈ ನಡುವಿನಲ್ಲಿ ಇರುವವನು ಕೈಯಿಂದ ಕೊಡಬೇಕು. ಅದರ ಮೇಲೆ ಕಾಯುವ ಅವಧಿ ಪಾಲಿಸಿಯಿಂದ ಪಾಲಿಸಿಗೆ ಬೇರೆ. ಅಡ್ಮಿಟ್ ಆಗುವ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಕೇಳಿ. ಆಪರೇಷನ್ ಆದ ಮೇಲೆ ಕೇಳಿದರೆ ಸಿಗುವುದು ತಿರಸ್ಕಾರದ ಪತ್ರ.

ಪ್ಯಾಕೇಜಿನ ಹೊರಗೆ ಉಳಿಯುವ ಖರ್ಚೇ ಬೇರೆ ಇದೆ, ಅದು ಜೀವಮಾನದ್ದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಬಿಡುವ ಹಾಗಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆ ನುಂಗಿ ಮೇಲಿಂದ ಚಾ ಕುಡಿದರೆ ಮಾತ್ರೆಯ ಪ್ರಯೋಜನ ಅರ್ಧ ಹೋಯಿತು ಅಂತಲೇ, ನಮ್ಮವರು ಚಾ ಇಲ್ಲದೆ ಮಾತ್ರೆ ನುಂಗುವುದುಂಟಾ? ಆಗಾಗ ರಕ್ತ ಪರೀಕ್ಷೆ. ಕ್ಯಾಪ್ಸೂಲಿನ ಜೆಲಟಿನ್ ಬಗ್ಗೆ ಸಂಶಯ ಇರುವವರು ಮಾತ್ರೆ ರೂಪದ್ದು ಅಥವಾ ಬಿ12 ಇಂಜೆಕ್ಷನ್ ಕೇಳಿ ಪಡೆಯಬಹುದು, ಅದಕ್ಕಾಗಿ ಔಷಧಿಯನ್ನೇ ಬಿಡುವುದು ಬೇಡ.

ಪ್ರೊಟೀನ್ ಪುಡಿಯ ಡಬ್ಬಕ್ಕೆ ಕಾಕ ಕೊಟ್ಟದ್ದು ಸಾವಿರದ ಎಂಟುನೂರು ರೂಪಾಯಿ. ಮೊದಲ ವಾರಗಳಲ್ಲಿ, ಗಟ್ಟಿ ತಿನ್ನಲು ಆಗದಾಗ, ಅದು ಬೇಕಾಗುತ್ತದೆ, ಒಪ್ಪುತ್ತೇನೆ. ಆಮೇಲೂ ಡಬ್ಬದ ಹಿಂದೆ ಓಡುವುದು ಯಾಕೆ ಅಂತ ನನ್ನ ಪ್ರಶ್ನೆ. ದಕ್ಷಿಣದ ಬ್ರಾಯ್ಲರ್ ಕೋಳಿಯ ರೇಟು ತೀರ್ಮಾನ ಆಗುವುದೇ ತಿರುಪ್ಪೂರು ಜಿಲ್ಲೆಯ ಪಲ್ಲಡಂನಲ್ಲಿ. ಮೊಟ್ಟೆಯ ನಾಮಕ್ಕಲ್ ಅಲ್ಲಿಂದ ದೂರವಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೊಟೀನ್. ದಿನಕ್ಕೆ ಮೂರು ಮೊಟ್ಟೆ, ನೂರು ಗ್ರಾಂ ಬೆಂದ ಮೀನು, ನೂರು ಗ್ರಾಂ ಬೆಂದ ಕೋಳಿ ಐದು ಹೊತ್ತಿಗೆ ಹಂಚಿದರೆ 60 ಗ್ರಾಂ ದಾಟುತ್ತದೆ. ಬೂತಾಯಿಯ ಊರಿನವರು ನಾವು, ಪ್ರೊಟೀನಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಕ್ಯೂ ನಿಲ್ಲುತ್ತೇವೆ.

ಇಷ್ಟೆಲ್ಲ ಕಾಕ ಕಲಿತರು. ಅವರನ್ನು ಸೋಲಿಸಿದ್ದು ಊರಿನ ಒಂದು ಮದುವೆ. ಏಳನೇ ತಿಂಗಳು. ಹೆಣ್ಣಿನ ಕಡೆಯವರು ಹತ್ತಿರದ ಸಂಬಂಧಿಕರು. ಒಬ್ಬರು ಮಾಮ ಪಕ್ಕದಲ್ಲೇ ನಿಂತು ನೈಚೋರು ಬಡಿಸಿದರು. ಬೇಡ ಅಂದದ್ದಕ್ಕೆ "ನಮ್ಮ ಮನೆಯ ಊಟ ನಿನಗೆ ಆಗುವುದಿಲ್ಲವಾ?" ಅಂದರು. ಹಳೆಯ ಒಂದು ಮನಸ್ತಾಪ ಬೇರೆ ಇತ್ತು. ಕಾಕ ಆರು ತುತ್ತು ಅವಸರದಲ್ಲಿ ನುಂಗಿದರು, ಮೇಲಿಂದ ಪೆಪ್ಸಿ ಕುಡಿಸಿದರು. ಹಾಲ್‌ನ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ಅರ್ಧ ಗಂಟೆ ವಾಂತಿ. ಬಿಳಿ ಅಂಗಿ ಹಾಳಾಯಿತು, ಹೆಂಡತಿ ಅತ್ತರು. ನೋಡಿದ ಇಬ್ಬರು ಹುಡುಗರು ಕುಡಿದು ಬಂದಿದ್ದಾರಾ ಅಂತ ಮಾತಾಡಿದರಂತೆ. ಆಮೇಲೆ ನಾಲ್ಕು ತಿಂಗಳು ಯಾವ ಮದುವೆಗೂ ಹೋಗಲಿಲ್ಲ. ವ್ಯಾಪಾರದವನಿಗೆ ಮದುವೆಗೆ ಹೋಗದೆ ಇರುವುದು ಅಂದರೆ ಎಂತ ಅಂತ ನಿಮಗೆ ಗೊತ್ತು.

ಬಡಿಸುವುದು ನಮ್ಮಲ್ಲಿ ಪ್ರೀತಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ಉಮ್ಮ ಕೂಡ ಮೂರನೇ ಪತ್ತಿರ್ ಹಾಕದೆ ಯಾರನ್ನೂ ಎಬ್ಬಿಸುವುದಿಲ್ಲ. ಆದರೆ ಹೊಟ್ಟೆಯನ್ನು ಮೂರು ಪಾಲು ಮಾಡುವ ಹದೀಸ್ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮಸೀದಿಯಲ್ಲಿ ಕೇಳಿ ಬಂದವರೇ ಹಾಲ್‌ನಲ್ಲಿ ಸೌಟು ಹಿಡಿದು ನಿಲ್ಲುತ್ತಾರೆ. ಒಂದು ವಿಚಿತ್ರ, ಈಗ ಮಂಗಳೂರಲ್ಲಿ ಮಂದಿ ಹೋಟೆಲುಗಳು ಬಂದ ಮೇಲೆ ಒಂದೇ ದೊಡ್ಡ ತಟ್ಟೆಯಲ್ಲಿ ನಾಲ್ಕು ಜನ ಉಣ್ಣುವುದು ಶುರುವಾಗಿದೆಯಲ್ಲ, ಅಲ್ಲಿ ಯಾರು ಎಷ್ಟು ತಿಂದರು ಅಂತ ಯಾರೂ ಎಣಿಸುವುದಿಲ್ಲ. ಕಾಕನಿಗೆ ಅಲ್ಲಿ ಆರಾಮವಂತೆ.

ರಮಝಾನ್ ಇನ್ನೂ ದೊಡ್ಡ ವಿಷಯ. ಆಪರೇಷನ್ ಆದ ಮೊದಲ ವರ್ಷ ಉಪವಾಸ ಬೇಡ ಎಂದೇ ಹೆಚ್ಚಿನ ತಜ್ಞರು ಹೇಳುತ್ತಾರೆ. ಯಾಕೆ ಅಂತ ಗಂಟೆ ಲೆಕ್ಕ ಹಾಕಿದರೆ ತಿಳಿಯುತ್ತದೆ. ಇಫ್ತಾರ್‌ನಿಂದ ಸಹರಿವರೆಗೆ ನಮ್ಮಲ್ಲಿ ಸುಮಾರು ಹತ್ತೂವರೆ ಗಂಟೆ. ಅದರಲ್ಲಿ ನಿದ್ದೆ, ತರಾವೀಹ್ ಕಳೆಯಿರಿ. ಚಾ ಗ್ಲಾಸಿನಷ್ಟು ಹಿಡಿಯುವ ಹೊಟ್ಟೆಗೆ, ಊಟಕ್ಕೂ ನೀರಿಗೂ ಅರ್ಧ ಗಂಟೆ ಅಂತರ ಇಟ್ಟು, ಒಂದೂವರೆ ಲೀಟರ್ ನೀರು ಮತ್ತು 60 ಗ್ರಾಂ ಪ್ರೊಟೀನ್ ಆ ಉಳಿದ ಗಂಟೆಗಳಲ್ಲಿ ಹೋಗಬೇಕು. ಆಗುವ ಮಾತಲ್ಲ. ರೋಗಿಗೆ ರಿಯಾಯಿತಿ ಕುರ್‌ಆನ್‌ನಲ್ಲೇ ಇದೆ. ಎಷ್ಟು ದಿನ, ಕಝಾ ಹೇಗೆ, ಫಿದ್ಯಾ ಯಾವಾಗ ಎಂಬುದನ್ನು ಉಸ್ತಾದರ ಹತ್ತಿರ ಡಾಕ್ಟರ ಚೀಟಿ ಹಿಡಿದುಕೊಂಡು ಹೋಗಿ ಕೇಳುವುದು ಒಳ್ಳೆಯದು. ವರ್ಷ ದಾಟಿದವರು ಡಾಕ್ಟರ ಒಪ್ಪಿಗೆಯಿಂದ ಹಿಡಿಯುವುದಾದರೆ ಸಮೋಸ, ಶರಬತ್ತಿನಿಂದ ತೆರೆಯುವುದು ಬೇಡ. ಕೊಯಮತ್ತೂರು ಕೋಟ್ಟೈಮೇಡಿನ ಕಡೆ ಮಸೀದಿಗಳಲ್ಲಿ ಅಸರ್ ಆದ ಮೇಲೆ ನೋಂಬು ಕಂಜಿ ಹಂಚುವುದು ನೋಡಿದ್ದೇನೆ, ತಮಿಳುನಾಡು ಸರಕಾರ ಇದಕ್ಕಾಗಿಯೇ ಮಸೀದಿಗಳಿಗೆ ಅಕ್ಕಿ ಕೊಡುತ್ತದೆ. ಅಕ್ಕಿ, ಬೇಳೆ, ಕೆಲವು ಕಡೆ ಕೀಮಾ ಹಾಕಿ ಮೆತ್ತಗೆ ಬೇಯಿಸಿದ್ದು. ಕರಿದದ್ದಕ್ಕಿಂತ ಸಾವಿರ ಪಾಲು ವಾಸಿ, ನಿಧಾನ ಕುಡಿದರೆ.

ಎರಡು ಎಚ್ಚರಿಕೆ ಮಾತ್ರ ಬಿಡಲಿಕ್ಕಿಲ್ಲ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಆಪರೇಷನ್ ಆದವರಿಗೆ ಇದೆಲ್ಲ ಮಾಮೂಲು ಅಂತ ಕೂರಬಾರದು. ಥಯಾಮಿನ್, ಅಂದರೆ ಬಿ1, ಖಾಲಿಯಾಗಿ ನರ ಮತ್ತು ಮಿದುಳಿಗೆ ಪೆಟ್ಟು ಬೀಳಬಹುದು. ಮತ್ತೆ, ಸೊಂಟನೋವು ತಲೆನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ನುಂಗಬಾರದು, ಬೈಪಾಸ್ ಆದವರಂತೂ ಮುಟ್ಟಲೇಬಾರದು, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಮಗು ಬೇಕೆನ್ನುವ ಹೆಣ್ಣುಮಕ್ಕಳು ವರ್ಷದಿಂದ ಒಂದೂವರೆ ವರ್ಷ ಕಾಯಬೇಕು ಎಂಬುದನ್ನು ಮದುವೆ ಮಾತುಕತೆ ನಡೆಸುವ ಮನೆಯವರೂ ತಿಳಿದಿರಲಿ.

ಈಗ ಯುವಕರ ಬಾಯಲ್ಲಿ ಇಂಜೆಕ್ಷನ್ ಮಾತು. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಭಾರತಕ್ಕೆ ಬಂತು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನ ಪೇಟೆಂಟ್ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಪೇಟೆಂಟ್ ಮುಗಿದ ಔಷಧಿಯ ಬೆಲೆ ಎಂತ ಆಗುತ್ತದೆ ಅಂತ ವ್ಯಾಪಾರಿಗೆ ಹೇಳಿಕೊಡಬೇಕಾಗಿಲ್ಲ. ಕೊಯ್ಯದೆ ಕೆಲಸ ಆದರೆ ಒಳ್ಳೆಯದೇ. ಆದರೆ ಅದೂ ಹಸಿವು ಕಟ್ಟುವ ಔಷಧಿ. ಹಸಿವಿಲ್ಲದವನು ನಾಲ್ಕು ತುತ್ತಿನಲ್ಲಿ ಎಂತ ತಿನ್ನಬೇಕು ಎಂಬ ಪ್ರಶ್ನೆ ಅಲ್ಲೂ ಹಾಗೇ ಇದೆ, ಸೌಟು ಹಿಡಿದು ನಿಲ್ಲುವ ಮಾಮನೂ ಅಲ್ಲೇ ಇದ್ದಾರೆ.

ತಿರುಪ್ಪೂರಿನಲ್ಲಿ ಮರುದಿನ ಬೆಳಗ್ಗೆ ಕಾಕ ಆ ಏಜೆಂಟನಿಗೆ ನಿಜ ಹೇಳಿದರು. ಅವನು ಒಂದು ನಿಮಿಷ ಸುಮ್ಮನಿದ್ದು, ತನ್ನ ಅಕ್ಕನಿಗೂ ಕೊಯಮತ್ತೂರಿನಲ್ಲಿ ಅದೇ ಆಪರೇಷನ್ ಆಗಿದೆ, ಮನೆಯವರು ಯಾರಿಗೂ ಹೇಳಿಲ್ಲ ಅಂದ. ಮಧ್ಯಾಹ್ನ ಹೋಟೆಲಿಗೆ ಹೋದಾಗ ಕಾಕನಿಗೆ ಅಂತ ಒಂದು ಸಣ್ಣ ತಟ್ಟೆ, ಒಂದು ಕಲಕ್ಕಿ, ಎಲುಬಿಲ್ಲದ ನಾಲ್ಕು ತುಂಡು ಅವನೇ ಹೇಳಿದ. ನೀರಿನ ಲೋಟವನ್ನು ಟೇಬಲಿನ ಆಚೆ ಬದಿಗೆ ಸರಿಸಿಟ್ಟ. ಲಾಟ್‌ನ ರೇಟಿನಲ್ಲಿ ಮಾತ್ರ ಒಂದು ರೂಪಾಯಿಯೂ ಬಿಡಲಿಲ್ಲ.